ವಿಜ್ಞಾನಿಯ ವರದಿ ಮತ್ತು ಕೇರಿಯ ಓದು

ದಲಿತ ವಿಮರ್ಶೆ ಎಂದ ಕೂಡಲೇ ಕತೆ, ಕವಿತೆ, ಆತ್ಮಕಥನಗಳನ್ನು ಮುಂದಿಟ್ಟುಕೊಂಡು ಕೂರುವುದು ನಮಗೆ ರೂಢಿಯಾಗಿಬಿಟ್ಟಿದೆ. ಪಂಪನಲ್ಲಿ ನಾವೆಲ್ಲಿದ್ದೇವೆ, ವಚನಕಾರರಲ್ಲಿ ನಮ್ಮವರೆಷ್ಟು ಜನ, ನವ್ಯರು ನಮ್ಮನ್ನು ಹೇಗೆ ಕಂಡರು ಎಂಬ ಪ್ರಶ್ನೆಗಳನ್ನು ಕೇಳಿಕೊಂಡು ಬಂದಿದ್ದೇವೆ. ಕೇಳಬೇಕಾದ್ದೇ. ಆದರೆ ನಮ್ಮ ಬದುಕನ್ನು ಆಕಡೆಯಿಂದ ಎತ್ತಿ ಈಕಡೆ ಇಟ್ಟ ಬರವಣಿಗೆ ಕಾವ್ಯವಲ್ಲ, ವರದಿ. ಯಾವ ಊರು ಮುಳುಗಬೇಕು, ಯಾವ ಹೊಲಕ್ಕೆ ನೀರು ಹರಿಯಬೇಕು, ಯಾವ ಗುಡ್ಡವನ್ನು ಎಷ್ಟು ಅಗೆಯಬಹುದು ಎಂಬುದೆಲ್ಲ ವರದಿಗಳಲ್ಲಿ ತೀರ್ಮಾನವಾಗಿದೆ. ಅವನ್ನು ಬರೆದವರು ವಿಜ್ಞಾನಿಗಳು, ಇಂಜಿನಿಯರುಗಳು, ತಜ್ಞರು ಎನಿಸಿಕೊಂಡವರು. ಕನ್ನಡ ಎಂ.ಎ. ಮಾಡಿದ ನಾನು ರಾಘವಾಂಕನ ವೀರಬಾಹುಕನ ಮೇಲೆ ಹತ್ತು ಪುಟ ಬರೆಯಬಲ್ಲೆ. ಅಣೆಕಟ್ಟಿನ ಒಂದು ಕಡತವನ್ನು ಹೇಗೆ ಓದಬೇಕೆಂದು ಮಾತ್ರ ನನಗೆ ಯಾರೂ ಕಲಿಸಲಿಲ್ಲ. ಕಡತವೂ ಒಂದು ಪಠ್ಯವೇ, ಅದಕ್ಕೂ ವ್ಯಾಕರಣ ಇದೆ, ಅದರ ವಾಕ್ಯಗಳಲ್ಲೂ ಕರ್ತೃ, ಕರ್ಮ, ಕ್ರಿಯಾಪದಗಳಿವೆ ಎಂಬ ಸರಳ ಸಂಗತಿಯಿಂದ ಈ ಬರಹವನ್ನು ಶುರುಮಾಡುತ್ತೇನೆ.

ಈ ವಿಚಾರಕ್ಕೆ ಈಗ ಬರಲು ಕಾರಣವಿದೆ. ವಿಜ್ಞಾನಿಗಳು ಪ್ರಯೋಗಾಲಯದಿಂದ ಹೊರಗೆ ಬಂದು ಪ್ರಭುತ್ವದ ನೀತಿಯ ಬಗ್ಗೆ ಮಾತಾಡತೊಡಗಿದ್ದಾರೆ. 2017ರ ಆಗಸ್ಟ್ 9ರಂದು ದೇಶದ ಹಲವು ನಗರಗಳಲ್ಲಿ ವಿಜ್ಞಾನಿಗಳು ಬೀದಿಗಿಳಿದು ಮೆರವಣಿಗೆ ಮಾಡಿದರು. ವಿಜ್ಞಾನಕ್ಕೆ ರಾಷ್ಟ್ರೀಯ ಉತ್ಪನ್ನದ ಶೇ. 3ರಷ್ಟು ಹಣ ಕೊಡಿ, ಅವೈಜ್ಞಾನಿಕ ಮಾತುಗಳನ್ನು ಸರ್ಕಾರದ ಬಾಯಿಂದ ಆಡಿಸಬೇಡಿ, ನೀತಿಗಳಿಗೆ ಸಾಕ್ಷ್ಯಾಧಾರ ಇರಲಿ ಎಂಬುದು ಅವರ ಒತ್ತಾಯವಾಗಿತ್ತು. ಮರುವರ್ಷ ಮತ್ತೆ ಮೆರವಣಿಗೆ ನಡೆಯಿತು. ಆ ದಿನ 2018ರ ಏಪ್ರಿಲ್ 14. ನಮಗೆ ಆ ತಾರೀಕು ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಜಗತ್ತಿನ ಬೇರೆ ಕಡೆಯ ವಿಜ್ಞಾನಿಗಳು ಆರಿಸಿಕೊಂಡ ದಿನವನ್ನೇ ಇಲ್ಲಿಯವರೂ ಇಟ್ಟುಕೊಂಡರು ಅಷ್ಟೆ. ಅಂದು ನಮ್ಮ ಕೇರಿಗಳಲ್ಲೂ ಮೆರವಣಿಗೆಯಿತ್ತು. ಎರಡು ಮೆರವಣಿಗೆಗಳೂ ವಿಚಾರಶಕ್ತಿಯ ಹೆಸರು ಹೇಳುತ್ತಿದ್ದವು. ಒಂದೇ ದಿನ ಒಂದೇ ಮಾತನ್ನು ಹೇಳಿದ ಎರಡು ಗುಂಪುಗಳಿಗೆ ಒಂದಕ್ಕೊಂದರ ಗುರುತು ಹತ್ತಲಿಲ್ಲ.

ನಾನು ಆ ವಿಜ್ಞಾನಿಗಳ ವಿರೋಧಿಯಲ್ಲ. ಅವರ ಬೇಡಿಕೆ ನ್ಯಾಯವಾದದ್ದು. ನನ್ನ ತಕರಾರು ಬೇರೆ. ಸರ್ಕಾರ ನಮ್ಮ ಮಾತು ಕೇಳುತ್ತಿಲ್ಲ ಎಂಬುದು ವಿಜ್ಞಾನಿಗಳ ದೂರು. ಸರ್ಕಾರಕ್ಕೆ ಹೇಳುವ ಮೊದಲು ನೀವು ಯಾರ ಮಾತು ಕೇಳಿದಿರಿ ಎಂಬುದು ನಮ್ಮ ಪ್ರಶ್ನೆ.

ತಜ್ಞರು ಪ್ರಭುವಿಗೆ ಸಲಹೆ ಕೊಡುವುದು ಹೊಸದೇನಲ್ಲ. ನಮ್ಮ ಹೊಸಪೇಟೆಯ ಸೀಮೆಯಲ್ಲೇ ಇದಕ್ಕೆ ಐನೂರು ವರ್ಷದ ಹಳೆಯ ದಾಖಲೆಯಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ದೊಮಿಂಗೊ ಪಯಸ್ ಇಲ್ಲಿ ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಒಂದು ಕೆರೆಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅದು ಹೊಸಪೇಟೆಯ ರಾಯರಕೆರೆಯೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಹದಿನೈದು ಇಪ್ಪತ್ತು ಸಾವಿರ ಜನ ನೆಲ ಕಾಣದಂತೆ ಇರುವೆಗಳ ಹಾಗೆ ದುಡಿಯುತ್ತಿದ್ದರಂತೆ. ಕೆರೆ ಎರಡು ಮೂರು ಸಲ ಒಡೆಯಿತು. ರಾಜ ಬ್ರಾಹ್ಮಣರನ್ನು ಕೇಳಿದ. ದೇವರಿಗೆ ರಕ್ತ ಬೇಕು ಎಂದರು. ಅರವತ್ತು ಜನರ ತಲೆ, ಜೊತೆಗೆ ಒಂದಷ್ಟು ಕುದುರೆ, ಕೋಣಗಳ ತಲೆ ಉರುಳಿದವು. ಸ್ವಲ್ಪ ಕಾಲದ ನಂತರ ಬರೆದ ನೂನಿಜ್ ಇದೇ ಕತೆಗೆ ಇನ್ನೊಂದು ವಿವರ ಸೇರಿಸುತ್ತಾನೆ: ಕೆರೆಯ ಕೆಲಸಕ್ಕೆ ರಾಜ ಪೋರ್ಚುಗೀಸರಿಂದ ಕಲ್ಲುಕೆಲಸದ ದೊಡ್ಡ ನಿಪುಣನೊಬ್ಬನನ್ನು ಕರೆಸಿಕೊಂಡಿದ್ದ. ಸತ್ತವರು ಮರಣದಂಡನೆಗೆ ಅರ್ಹರಾದ ಕೈದಿಗಳು ಎಂಬ ಸಮಾಧಾನವೂ ಅವನಲ್ಲೇ ಬರುತ್ತದೆ.

ಈ ಕತೆಯನ್ನು ಮೂಢನಂಬಿಕೆಗೆ ಉದಾಹರಣೆಯಾಗಿ ಹೇಳಿ ಮುಗಿಸುವುದು ಸುಲಭ. ನಾನು ಹಾಗೆ ಓದುವುದಿಲ್ಲ. ಇಲ್ಲಿ ಇಬ್ಬರು ತಜ್ಞರಿದ್ದಾರೆ. ಒಬ್ಬ ಕಲ್ಲು ಬಲ್ಲವನು, ಹೊರಗಿನವನು. ಇನ್ನೊಬ್ಬರು ದೇವರನ್ನು ಬಲ್ಲವರು, ಒಳಗಿನವರು. ನೂನಿಜ್‌ನ ಪ್ರಕಾರ ರಾಜ ಇಬ್ಬರ ಮಾತನ್ನೂ ಕೇಳಿದ. ಮಣ್ಣು ಹೊತ್ತ ಇಪ್ಪತ್ತು ಸಾವಿರ ಜನರಲ್ಲಿ ಒಬ್ಬನನ್ನಾದರೂ ಏರಿ ಯಾಕೆ ನಿಲ್ಲುತ್ತಿಲ್ಲ ಎಂದು ಕೇಳಿದನೆಂದು ಇಬ್ಬರೂ ಬರೆದಿಲ್ಲ. ಅವರಲ್ಲಿ ನೆಲದ ಗುಣ ಬಲ್ಲ ಒಡ್ಡರಿದ್ದಿರಬೇಕು, ನಮ್ಮವರಿದ್ದಿರಬೇಕು. ಅವರಿಗೆ ಒಂದು ಉಪಮೆ ದಕ್ಕಿತು, ಇರುವೆ. ಸತ್ತವರಿಗೆ ಒಂದು ಸಂಖ್ಯೆ ದಕ್ಕಿತು, ಅರವತ್ತು. ಮುಂದೆ ಬರಲಿದ್ದ ಎಲ್ಲ ವರದಿಗಳಿಗೂ ಈ ಎರಡೇ ಅಲಂಕಾರಗಳು ಸಾಕಾದವು ಎಂಬುದು ನನ್ನ ಗುಮಾನಿ.

ಕರ್ನಾಟಕದಲ್ಲಿ ತಜ್ಞ ಎಂಬ ಮಾತಿಗೆ ಒಂದು ಮುಖವಿದ್ದರೆ ಅದು ಪೇಟ ತೊಟ್ಟ ವಿಶ್ವೇಶ್ವರಯ್ಯನವರದು. ನಮ್ಮ ಕಾಲೇಜುಗಳ ಗೋಡೆಯ ಮೇಲೆ ಅವರಿಲ್ಲದ ಗೋಡೆ ಕಡಿಮೆ. ಮುಖ್ಯ ಇಂಜಿನಿಯರಾಗಿ ಬಂದು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಅಣೆಕಟ್ಟು, ಕಾರ್ಖಾನೆ, ಬ್ಯಾಂಕು, ವಿಶ್ವವಿದ್ಯಾಲಯ ಇವುಗಳ ಹಿಂದೆ ಅವರ ಕೈಯಿದೆ. 1934ರಲ್ಲೇ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು. ಇವನ್ನೆಲ್ಲ ಅಲ್ಲಗಳೆಯುವ ಮೂರ್ಖತನ ನನ್ನದಲ್ಲ. ಆದರೆ ಪಠ್ಯಪುಸ್ತಕಗಳು ಒಂದು ಸಂಗತಿಯನ್ನು ಮೆಲ್ಲಗೆ ದಾಟಿಸಿಬಿಡುತ್ತವೆ. 1918ರಲ್ಲಿ ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಚಾರಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದಾಗ ದಿವಾನರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರು ಪದವಿ ಬಿಟ್ಟದ್ದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಮುಖ್ಯ ಕಾರಣ. ಯೋಗ್ಯತೆ ಕುಂದಿದರೆ ಆಡಳಿತ ಕುಂದುತ್ತದೆ ಎಂಬುದು ಅವರ ನಿಲುವು. ನದಿಯ ನೀರನ್ನು ಅಳೆದು ಪಾಲು ಮಾಡಲು ಗೊತ್ತಿದ್ದವರಿಗೆ ನೌಕರಿಯ ಪಾಲು ಮಾತ್ರ ಅಳತೆಗೆ ಸಿಗದ ವಸ್ತುವಾಗಿ ಕಂಡಿತು. ನೀರಿನ ಲೆಕ್ಕ ವಿಜ್ಞಾನ, ಜಾತಿಯ ಲೆಕ್ಕ ರಾಜಕೀಯ ಎಂಬ ಗೆರೆ ಕನ್ನಡದ ಸಾರ್ವಜನಿಕ ಮನಸ್ಸಿನಲ್ಲಿ ಆಗ ಬಿದ್ದದ್ದು ಇವತ್ತಿಗೂ ಅಳಿಸಿಲ್ಲ. ಜಾತಿ ಸಮೀಕ್ಷೆಯ ಮಾತು ಬಂದಾಗಲೆಲ್ಲ ಅವೈಜ್ಞಾನಿಕ ಎಂಬ ಪದ ಎಲ್ಲಿಂದ ಹಾರಿಬರುತ್ತದೆ ಎಂಬುದನ್ನು ಗಮನಿಸಿ.

ಇದಕ್ಕೆ ಎದುರಾಗಿ ನಿಲ್ಲಿಸಬಹುದಾದ ಇನ್ನೊಬ್ಬ ವಿಜ್ಞಾನಿ ಮೇಘನಾದ ಸಾಹಾ. ನಕ್ಷತ್ರಗಳ ಬೆಳಕಿನ ಸಮೀಕರಣ ಬರೆದವರೆಂದು ನಮ್ಮ ಸೈನ್ಸ್ ಹುಡುಗರಿಗೆ ಗೊತ್ತು. ಢಾಕಾ ಹತ್ತಿರದ ಹಳ್ಳಿಯ ಬಡ ಅಂಗಡಿಕಾರನ ಮಗ, ಬಂಗಾಳದ ಜಾತಿಪಟ್ಟಿಯಲ್ಲಿ ಕೆಳಗೆ ತಳ್ಳಲ್ಪಟ್ಟವರು. ಕಲ್ಕತ್ತೆಯ ಈಡನ್ ಹಿಂದೂ ಹಾಸ್ಟೆಲಿನಲ್ಲಿ ಸವರ್ಣ ಹುಡುಗರು ಇವರ ಪಂಕ್ತಿಯಲ್ಲಿ ಉಣ್ಣಲು ಒಪ್ಪಲಿಲ್ಲವೆಂಬುದು ಕಡಿಮೆ ಜನಕ್ಕೆ ಗೊತ್ತು. 1935ರಲ್ಲಿ ವಿಜ್ಞಾನ ಮತ್ತು ಸಮಾಜದ ಸಂಬಂಧ ಚರ್ಚಿಸಲೆಂದೇ ಪತ್ರಿಕೆ ತೆಗೆದರು. 1938ರಲ್ಲಿ ಕಾಂಗ್ರೆಸ್ಸಿನ ಯೋಜನಾ ಸಮಿತಿ ಹುಟ್ಟುವುದಕ್ಕೆ ಸುಭಾಷರ ಬೆನ್ನು ಬಿದ್ದರು. 1943ರಲ್ಲಿ ದಾಮೋದರ ನದಿ ಉಕ್ಕಿ ಹರಿದ ಮೇಲೆ ನೇಮಿಸಿದ ವಿಚಾರಣಾ ಸಮಿತಿಯಲ್ಲಿ ಕೂತರು. ಆಗ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ, ನೀರಾವರಿ, ವಿದ್ಯುತ್ತಿನ ಹೊಣೆ ಹೊತ್ತು ಆ ನದಿ ಕಣಿವೆಯ ಯೋಜನೆಯನ್ನು ಮುಂದಕ್ಕೆ ಒಯ್ದವರು ಬಾಬಾಸಾಹೇಬರು. 1942ರಿಂದ 1946ರವರೆಗಿನ ಬಾಬಾಸಾಹೇಬರ ಈ ಕೆಲಸವನ್ನು ನಮ್ಮ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಹಾಸ್ಟೆಲಿನ ಪಂಕ್ತಿಯಿಂದ ಎಬ್ಬಿಸಲ್ಪಟ್ಟವನೂ ಶಾಲೆಯಲ್ಲಿ ನೀರಿನ ನಲ್ಲಿ ಮುಟ್ಟಲಾಗದವನೂ ಒಂದು ನದಿಯ ನೀರನ್ನು ದೇಶಕ್ಕೆ ಹೇಗೆ ಹಂಚಬೇಕೆಂದು ಯೋಚಿಸುತ್ತಿದ್ದ ಕಾಲ ಅದು. ಸಾಹಾ 1952ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಗೆದ್ದು ಬಂದರು. ವಿಜ್ಞಾನದ ಅಧಿಕಾರ ಅಷ್ಟರಲ್ಲಿ ಬೇರೆಯವರ ಕೈ ಸೇರಿತ್ತು. ಸಾಹಾ ಮತ್ತು ಅಂಬೇಡ್ಕರ್ ಇಬ್ಬರೂ 1956ರಲ್ಲೇ ತೀರಿಕೊಂಡರು. ವಿಜ್ಞಾನಿ ನೀತಿಯ ಬಗ್ಗೆ ಆಸಕ್ತಿ ವಹಿಸಬೇಕೋ ಬೇಡವೋ ಎಂಬುದು ಸಾಹಾಗೆ ಸೆಮಿನಾರಿನ ಪ್ರಶ್ನೆಯಾಗಿರಲಿಲ್ಲ. ತಾನು ಯಾವ ಪಂಕ್ತಿಯಿಂದ ಬಂದವನೆಂಬುದು ಅದನ್ನು ಮೊದಲೇ ತೀರ್ಮಾನಿಸಿತ್ತು. ರಾಮನ್, ಸಾಹಾ ಮುಂತಾದವರ ಕಾಲದ ವಿಜ್ಞಾನದಲ್ಲಿ ಜಾತಿ ಹೇಗೆ ಕೆಲಸ ಮಾಡಿತೆಂಬುದನ್ನು ಆಭಾ ಸುರ್ 2011ರ ತಮ್ಮ ಪುಸ್ತಕದಲ್ಲಿ ಬಿಡಿಸಿಟ್ಟಿದ್ದಾರೆ. ಕನ್ನಡಕ್ಕೆ ಬರಬೇಕಾದ ಕೆಲಸ.

ದಾಮೋದರದ ಮಾತು ನಡೆಯುತ್ತಿದ್ದ ಹೊತ್ತಿಗೇ ಇಲ್ಲಿ ತುಂಗಭದ್ರೆಗೆ ಅಡಿಗಲ್ಲು ಬಿತ್ತು. 1945ರ ಫೆಬ್ರವರಿ 28. ಮದರಾಸು ಸರ್ಕಾರವೂ ನಿಜಾಮನ ಸರ್ಕಾರವೂ ಎರಡು ದಡದಿಂದ ಕಟ್ಟಿದ ಅಣೆಕಟ್ಟು ಇದು. 1953ರಲ್ಲಿ ನೀರು ಹರಿಯಿತು. ಹಿನ್ನೀರಿನಡಿ ಸುಮಾರು 90 ಹಳ್ಳಿಗಳು ಹೋದವು. ನಮ್ಮ ಮರಿಯಮ್ಮನಹಳ್ಳಿಗೆ ಹಿನ್ನೀರು ಕೂಗಳತೆಯ ದೂರ. ನಾಟಕದ ಊರು, ಜೋಗತಿ ಮಂಜಮ್ಮನವರ ಊರು ಎಂದು ಹೊರಗಿನವರು ಹೇಳುವ ಈ ಊರಿನ ಅರ್ಧ ನೆನಪು ನೀರಿನೊಳಗಿದೆ. ಮುಳುಗಿದ ನಾರಾಯಣದೇವರಕೆರೆಯ ಮಾತು ತೆಗೆಯದೆ ಇಲ್ಲಿಯ ಹಿರಿಯರು ಜಾತ್ರೆಯ ಕತೆ ಹೇಳುವುದಿಲ್ಲ.

ಈ ಅಣೆಕಟ್ಟಿನ ಭಾಷೆಯನ್ನು ನೋಡಿ. 'ಹಳ್ಳಿಗಳು ಮುಳುಗಡೆಯಾದವು.' ಈ ವಾಕ್ಯದಲ್ಲಿ ಮುಳುಗಿಸಿದವರು ಯಾರೂ ಇಲ್ಲ. 'ಪರಿಹಾರ ನೀಡಲಾಯಿತು.' ಇಲ್ಲಿ ಕೊಟ್ಟವರೂ ಇಲ್ಲ, ತೆಗೆದುಕೊಂಡವರೂ ಇಲ್ಲ. ವ್ಯಾಕರಣದಲ್ಲಿ ಇದಕ್ಕೆ ಕರ್ಮಣಿ ಪ್ರಯೋಗ ಎನ್ನುತ್ತೇವೆ. ಕನ್ನಡದ ಜಾಯಮಾನಕ್ಕೆ ಇದು ಒಗ್ಗುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇವೆ, ಆದರೆ ಕಚೇರಿಯ ಕನ್ನಡ ಬದುಕಿರುವುದೇ ಇದರ ಮೇಲೆ. 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ನೆಲದ ಮೇಲೆ ಕಾಗದದ ಹಕ್ಕು ತೋರಿಸಿದವನಿಗೆ ಪರಿಹಾರ. ಆ ನೆಲದಲ್ಲಿ ಕಳೆ ಕಿತ್ತವಳು, ಜೀತಕ್ಕಿದ್ದವನು, ಸತ್ತ ದನ ಎತ್ತಿದವನು, ಊರಿನ ಓಣಿ ಕಾಯುತ್ತಿದ್ದ ತಳವಾರ ಆ ಕಾಯ್ದೆಯ ಭಾಷೆಯಲ್ಲಿ ಸಂಬಂಧಪಟ್ಟವರೇ ಅಲ್ಲ. ಊರು ಮುಳುಗಿದಾಗ ಹೊಲ ಇದ್ದವನು ಹೊಲ ಕಳೆದುಕೊಂಡ. ಹೊಲ ಇಲ್ಲದವನು ಏನನ್ನು ಕಳೆದುಕೊಂಡ ಎಂದು ಬರೆಯುವುದಕ್ಕೆ ಆ ಕಾಯ್ದೆಯ ಫಾರಮ್ಮಿನಲ್ಲಿ ಕಾಲಮ್ಮೇ ಇರಲಿಲ್ಲ.

ಅಣೆಕಟ್ಟಿನ ಎಡದಂಡೆಯ ಕತೆ ಇನ್ನೂ ಸ್ವಾರಸ್ಯದ್ದು. ಬರಗಾಲದ ರಾಯಚೂರು ಸೀಮೆಗೆ ತೆಳುವಾಗಿ, ದೂರದವರೆಗೆ ನೀರು ಹಂಚಬೇಕು; ಹೆಚ್ಚು ಪಾಲು ಜೋಳ, ಹತ್ತಿಯಂಥ ಹಗುರ ನೀರಾವರಿ ಬೆಳೆಗೆ, ಭತ್ತ ಕಬ್ಬಿಗೆ ಸ್ವಲ್ಪವೇ ನೆಲ ಎಂದು ತಜ್ಞರು ಸರ್ವೆ ನಂಬರಿನ ಪ್ರಕಾರ ನಕ್ಷೆ ಹಾಕಿದರು. ಕಾಗದದ ಮೇಲೆ ಇದು ನಿಜಕ್ಕೂ ಸಮಾನತೆಯ ವಿಜ್ಞಾನ. ನೆಲದ ಮೇಲೆ ಏನಾಯಿತು? ಆಂಧ್ರದಿಂದ ಬಂದ ದುಡ್ಡುಳ್ಳವರು ಕಾಲುವೆಯ ತಲೆಭಾಗದಲ್ಲಿ ಭೂಮಿ ಕೊಂಡು ಕ್ಯಾಂಪು ಕಟ್ಟಿಕೊಂಡರು, ಇಲ್ಲಿಯ ದೊಡ್ಡ ರೈತರೂ ಅವರನ್ನು ನೋಡಿ ಭತ್ತಕ್ಕೆ ಇಳಿದರು. ಗಂಗಾವತಿ, ಕಾರಟಗಿ ಭತ್ತದ ಕಣಜವಾಯಿತು. ಕಾಲುವೆಯ ಬಾಲದಲ್ಲಿದ್ದ ಮಾನ್ವಿ, ರಾಯಚೂರು ಕಡೆಯ ಹೊಲಗಳು ನೀರು ನೀರು ಎಂದು ಬಾಯಿಬಿಟ್ಟವು. ನಕ್ಷೆಯ ಗಣಿತ ತಪ್ಪಿರಲಿಲ್ಲ. ತೂಬಿನ ಬಾಗಿಲನ್ನು ರಾತ್ರಿ ಹೊತ್ತು ಯಾರು ಎತ್ತುತ್ತಾರೆ, ಯಾರ ಹೆದರಿಕೆಗೆ ಎತ್ತುತ್ತಾರೆ ಎಂಬುದು ಆ ಗಣಿತದಲ್ಲಿ ಇರಲಿಲ್ಲ. ಜಾತಿ ಮತ್ತು ಭೂಮಾಲೀಕತ್ವವನ್ನು ಸಾಮಾಜಿಕ ಅಂಶ ಎಂದು ಬದಿಗಿಟ್ಟ ನೀರಾವರಿ ವಿಜ್ಞಾನ ತನ್ನ ಲೆಕ್ಕದಲ್ಲೇ ಸೋತಿತು. ನಾನು ಹೇಳುತ್ತಿರುವುದು ಬರೀ ಅನ್ಯಾಯವಾಯಿತು ಎಂದಲ್ಲ, ವಿಜ್ಞಾನವಾಗಿಯೂ ಅದು ಕೆಟ್ಟ ವಿಜ್ಞಾನವಾಯಿತು ಎಂದು.

ಇಲ್ಲಿ ನಮ್ಮದೇ ಗೆಳೆಯರ ಜೊತೆ ನನಗೊಂದು ಜಗಳವಿದೆ. ತೊಂಬತ್ತರ ದಶಕದಿಂದ ದೇಸಿ ಚಿಂತನೆಯ ಹೆಸರಿನಲ್ಲಿ ಒಂದು ವಾದ ಬಂತು: ದೊಡ್ಡ ಅಣೆಕಟ್ಟು ಪಶ್ಚಿಮದ ಹಿಂಸೆ, ನಮ್ಮ ಪೂರ್ವಿಕರ ಕೆರೆಯೇ ಮೇಲು, ಆಧುನಿಕ ವಿಜ್ಞಾನಕ್ಕಿಂತ ಗ್ರಾಮದ ಅರಿವು ದೊಡ್ಡದು. ನಮ್ಮ ಕೆಲವು ಬರಹಗಾರರೂ ಇದಕ್ಕೆ ಮಾರುಹೋದರು. ಆದರೆ ಆ ಕೆರೆ ಯಾರದ್ದಾಗಿತ್ತು? ಹಲವು ಊರುಗಳಲ್ಲಿ ಕೆರೆಯ ನೀರನ್ನು ಗದ್ದೆಗದ್ದೆಗೆ ಬಿಡುತ್ತಿದ್ದ ನೀರುಗಂಟಿ ನಮ್ಮವನೇ. ಯಾವ ಗದ್ದೆಗೆ ಎಷ್ಟು ಹೊತ್ತು, ಯಾವ ತೂಬಿಗೆ ಎಷ್ಟು ಎತ್ತರ ಎಂಬ ವಿದ್ಯೆಯೆಲ್ಲ ಅವನ ತಲೆಯಲ್ಲಿತ್ತು. ಅವನಿಗೆ ಗದ್ದೆ ಇರಲಿಲ್ಲ. ಆ ಕೆರೆಯ ಮೆಟ್ಟಿಲಿಳಿದು ಅವನ ಹೆಂಡತಿ ಕೊಡ ತುಂಬುವಂತಿರಲಿಲ್ಲ. ದೇಸಿ ಅರಿವನ್ನು ಹೊಗಳುವವರು ಆ ಅರಿವಿನ ಒಡೆಯನಿಗೆ ನೀರು ಮುಟ್ಟಗೊಡದ ಮಾತನ್ನು ಬಿಟ್ಟು ಹೊಗಳುತ್ತಾರೆ. ಅಣೆಕಟ್ಟಿನ ವರದಿ ನಮ್ಮನ್ನು ಬಿಟ್ಟರೆ ಕೆರೆಯ ಪುರಾಣವೂ ನಮ್ಮನ್ನು ಬಿಟ್ಟಿತು. ಹಾಗಾಗಿ ವಿಜ್ಞಾನವನ್ನು ಬಿಟ್ಟು ಊರಿನ ಕಟ್ಟೆಗೆ ಹಿಂದಿರುಗಿ ಎಂಬ ಸಲಹೆ ನಮಗೆ ಬೇಡ. ಬಾಬಾಸಾಹೇಬರು ಅಣೆಕಟ್ಟನ್ನೂ ವಿದ್ಯುತ್ತನ್ನೂ ಬಯಸಿದ್ದು ಯಾರ ಮೋಡಿಗೂ ಒಳಗಾಗಿ ಅಲ್ಲ.

ಹಾಗಾದರೆ ವಿಜ್ಞಾನಿ ನೀತಿಯ ಕೆಲಸಕ್ಕೆ ಬಂದಾಗ ಬೇರೆ ರೀತಿಯಲ್ಲಿ ನಡೆದುಕೊಂಡದ್ದು ಎಲ್ಲೂ ಇಲ್ಲವೇ? ಇದೆ. ಅದಕ್ಕೂ ಸಂಡೂರಿಗೂ ಒಂದು ನಂಟಿದೆ. ಎಪ್ಪತ್ತರ ದಶಕದಲ್ಲಿ ರಾಜ್ಯದ ಮೇದಾರರು ಬಿದಿರು ಸಿಗುತ್ತಿಲ್ಲ, ಬುಟ್ಟಿ ಮೊರ ಹೆಣೆದು ಬದುಕುವುದು ಹೇಗೆ ಎಂದು ಕೂಗೆಬ್ಬಿಸಿದರು. ಕಾಗದದ ಕಾರ್ಖಾನೆಗಳಿಗೆ ನಾಮಮಾತ್ರದ ಬೆಲೆಗೆ ಕಾಡಿನ ಬಿದಿರು ಹೋಗುತ್ತಿತ್ತು, ದಾಂಡೇಲಿಯ ಗಿರಣಿ ಅವುಗಳಲ್ಲೊಂದು. ಆಗ ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಿಗೆ ಈ ವಿಷಯ ಅಧ್ಯಯನ ಮಾಡಲು ಹೇಳಿದರು. (ಅದೇ ಘೋರ್ಪಡೆ ಮನೆತನದ ಭೂಮಿಯ ಪ್ರಶ್ನೆಯ ಮೇಲೆ 1973ರಲ್ಲಿ ಸಂಡೂರಿನ ಗೇಣಿದಾರರು ದೊಡ್ಡ ಹೋರಾಟ ಮಾಡಿದ್ದರೆಂಬುದನ್ನೂ ಜೊತೆಗೇ ನೆನೆಯಬೇಕು. ಬಿದಿರಿಗೆ ವಿಜ್ಞಾನಿ ಬಂದ, ಭೂಮಿಗೆ ಪೊಲೀಸರು ಬಂದರು.)

ಬಿದಿರು ಕಡಿಮೆಯಾಗಲು ದನ ಮೇಯಿಸುವ ಹಳ್ಳಿಗರೇ ಕಾರಣ ಎಂಬುದು ಆವರೆಗಿನ ಅಧಿಕೃತ ವಿವರಣೆ. ಅರಣ್ಯ ಇಲಾಖೆಯವರು ಮೆಳೆಗೆ ಒಳ್ಳೆಯದಾಗಲಿ ಎಂದು ಬುಡದ ಮುಳ್ಳುಕಂಟಿಯನ್ನು ಸವರಿಸುತ್ತಿದ್ದರು. ಕಾಡಿನ ಅಂಚಿನ ಜನ ಗಾಡ್ಗೀಳರಿಗೆ ಬೇರೆಯದನ್ನೇ ಹೇಳಿದರು: ಆ ಮುಳ್ಳೇ ಎಳೆ ಕಳಲೆಗೆ ಕಾವಲು, ಅದನ್ನು ತೆಗೆದರೆ ದನವೂ ತಿನ್ನುತ್ತದೆ, ಮುಳ್ಳುಹಂದಿಯೂ ತಿನ್ನುತ್ತದೆ. ಗಾಡ್ಗೀಳರು ಇದನ್ನು ಕೇಳಿ ತಲೆದೂಗಿ ಬಿಡಲಿಲ್ಲ. ಮುಳ್ಳು ಇದ್ದ ಮೆಳೆ, ಇಲ್ಲದ ಮೆಳೆ ಎರಡನ್ನೂ ಅಳೆದು ಎಣಿಸಿ ನೋಡಿದರು. ಜನ ಹೇಳಿದ್ದು ನಿಜವಾಗಿತ್ತು. ಕಾರ್ಖಾನೆಯ ಕಡಿತವೂ ಮಿತಿಮೀರಿತ್ತು ಎಂಬುದು ಲೆಕ್ಕಕ್ಕೆ ಸಿಕ್ಕಿತು.

ಈ ಪ್ರಸಂಗವನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಇಲ್ಲಿ ಪ್ರಶ್ನೆ ಎತ್ತಿದವರು ಬುಟ್ಟಿ ಹೆಣೆಯುವ ಮೇದಾರರು. ಊಹೆ ಕೊಟ್ಟವರು ಕಾಡಿನ ಅಂಚಿನವರು. ಪರೀಕ್ಷೆ ಮಾಡಿದವರು ವಿಜ್ಞಾನಿ. ವಿಜ್ಞಾನದ ಮೂರು ಹೆಜ್ಜೆಗಳಲ್ಲಿ ಎರಡನ್ನು ಓದುಬರಹ ಇಲ್ಲದವರು ಇಟ್ಟಿದ್ದಾರೆ. ಮೂರನೆಯದನ್ನು ಇಟ್ಟವರು ಹಿಂದಿನೆರಡನ್ನು ಮುಚ್ಚಿಡದೆ ತಮ್ಮ ಬರಹಗಳಲ್ಲಿ ಒಪ್ಪಿಕೊಂಡಿದ್ದಾರೆ. ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಗಾಡ್ಗೀಳರಿಗೆ ಹೆಸರಿದೆ, ಸಚಿವರಿಗೆ ಹೆಸರಿದೆ, ಕಾರ್ಖಾನೆಗೆ ಹೆಸರಿದೆ. ಮುಳ್ಳಿನ ಗುಟ್ಟು ಹೇಳಿದವನು ಹಳ್ಳಿಗರು ಎಂಬ ಬಹುವಚನದಲ್ಲಿ ಕರಗಿಹೋಗಿದ್ದಾನೆ. ಕೃತಿಚೌರ್ಯದ ಬಗ್ಗೆ ಅಷ್ಟು ಸೂಕ್ಷ್ಮವಾಗಿರುವ ವಿಶ್ವವಿದ್ಯಾಲಯಗಳಿಗೆ ಇದು ಯಾವ ಬಗೆಯ ಉಲ್ಲೇಖ ಎಂದು ಕೇಳಬೇಕಾಗಿದೆ.

ಇದೇ ಗಾಡ್ಗೀಳರು ಪಶ್ಚಿಮಘಟ್ಟದ ತಜ್ಞರ ಸಮಿತಿಯ ಅಧ್ಯಕ್ಷರಾಗಿ 2011ರಲ್ಲಿ ವರದಿ ಕೊಟ್ಟಾಗ ತೀರ್ಮಾನಗಳು ಗ್ರಾಮಸಭೆಯಿಂದ ಬರಲಿ ಎಂದರು. ಸರ್ಕಾರಗಳಿಗೆ ಹಿಡಿಸಲಿಲ್ಲ. ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದ ಕಸ್ತೂರಿರಂಗನ್ ನೇತೃತ್ವದಲ್ಲಿ ಇನ್ನೊಂದು ಸಮಿತಿ ಬಂತು, 2013ರಲ್ಲಿ ಇನ್ನೊಂದು ವರದಿ ಬಂತು. ಅವರು ಉಪಗ್ರಹದ ಚಿತ್ರಗಳನ್ನು ನೆಚ್ಚಿಕೊಂಡು ಘಟ್ಟದ ಶೇ. 37ರಷ್ಟನ್ನು ಸೂಕ್ಷ್ಮ ಪ್ರದೇಶ ಎಂದು ಗುರುತಿಸಿದರು. ಗಾಡ್ಗೀಳರು ಅದನ್ನು ಬಹಿರಂಗ ಪತ್ರದಲ್ಲಿ ಖಂಡಿಸಿದರು. ಇಬ್ಬರು ದೊಡ್ಡ ವಿಜ್ಞಾನಿಗಳ ಈ ಜಗಳ ನಮ್ಮ ಬಯಲಿನದಲ್ಲದಿದ್ದರೂ ಅದರಲ್ಲಿ ನಮ್ಮ ಪ್ರಶ್ನೆಯಿದೆ. ಒಬ್ಬರು ಆಕಾಶದಿಂದ ನೋಡಿದರು, ಇನ್ನೊಬ್ಬರು ನೆಲದಲ್ಲಿ ನಿಂತು ನೋಡಿದರು. ನೆಲದಲ್ಲಿ ನಿಂತವರ ಕಡೆಗೆ ನನ್ನ ಒಲವು ಸಹಜ. ಆದರೆ ಗ್ರಾಮಸಭೆ ಎಂದ ಕೂಡಲೇ ಗಾಡ್ಗೀಳರಿಗೆ ಜನ ಕಾಣುತ್ತಾರೆ, ನನಗೆ ಕಟ್ಟೆ ಕಾಣುತ್ತದೆ. ಕಟ್ಟೆಯ ಮೇಲೆ ಯಾರು ಕೂರುತ್ತಾರೆ, ಕೆಳಗೆ ಯಾರು ನಿಲ್ಲುತ್ತಾರೆ, ಸಭೆ ಮುಗಿದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ರಿಜಿಸ್ಟರು ಯಾರ 'ಕೇರಿ'ಗೆ ಬರುತ್ತದೆ ಎಂಬುದೆಲ್ಲ ಕಾಣುತ್ತದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯ ಬಗ್ಗೆ ಅಷ್ಟು ಕಟುವಾಗಿ ಮಾತಾಡಿದ್ದು ಇದೇ ಕಟ್ಟೆಯನ್ನು ಕಂಡು. ನೆಲಕ್ಕೆ ಇಳಿದರೆ ಸಾಲದು, ನೆಲದ ಯಾವ ಓಣಿಗೆ ಇಳಿದಿರಿ ಎಂಬುದೂ ಮುಖ್ಯ.

ಗಣಿಯ ವರದಿಗಳನ್ನು ಬೇಗ ದಾಟುತ್ತೇನೆ, ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. 2011ರ ಜುಲೈ ಕೊನೆಯಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ, ಅದರ ಬೆನ್ನಿಗೇ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟಿನ ಆದೇಶ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು ಬಂದು ಪರಿಸರದ ಮೇಲಾದ ಪರಿಣಾಮ ಅಳೆದರು. ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಬಳ್ಳಾರಿಗೆ ವರ್ಷಕ್ಕೆ 250 ಲಕ್ಷ ಟನ್ ಅದಿರು ಎಂಬ ಮಿತಿ ಬಂತು. ಆ ಮಿತಿ ಮೇಲೇರುತ್ತಾ 2022ರಲ್ಲಿ 350 ಲಕ್ಷ ಟನ್ ಆಯಿತು. ಗುಡ್ಡದ ತಾಳಿಕೆ ಹನ್ನೊಂದು ವರ್ಷದಲ್ಲಿ ಅಷ್ಟು ಹೆಚ್ಚಿತೇ, ಇಲ್ಲ ಕಬ್ಬಿಣದ ಹಸಿವು ಹೆಚ್ಚಿತೇ ಎಂದು ಕೇಳಲು ವಿಜ್ಞಾನ ಓದಿರಬೇಕಾಗಿಲ್ಲ. ನನ್ನ ಗಮನ ಹೋದದ್ದು ಅಕ್ಷರಗಳ ಮೇಲೆ. ಗಣಿಗೆ ಎ, ಬಿ, ಸಿ ಎಂಬ ಅಕ್ಷರ ದೊರೆಯಿತು. ಅದೇ ಗಣಿಯಲ್ಲಿ ಕೆಂಪು ಧೂಳು ಕುಡಿದು ಜಲ್ಲಡಿ ಹಿಡಿದವಳಿಗೆ, ಆದೇಶ ಬಂದ ಮರುದಿನ ಕೂಲಿ ನಿಂತವಳಿಗೆ ಯಾವ ಅಕ್ಷರವೂ ದೊರೆಯಲಿಲ್ಲ.

ವಿಜ್ಞಾನಿಗಳು ಯಾರು ಎಂಬ ಪ್ರಶ್ನೆಯನ್ನು ಇನ್ನು ತಪ್ಪಿಸಿಕೊಳ್ಳುವಂತಿಲ್ಲ. ಬೆಂಗಳೂರಿನ ಒಂದು ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿ ಕ್ಷೇತ್ರಕಾರ್ಯ ಮಾಡಿದ ರೆನ್ನಿ ಥಾಮಸ್ 2020ರ ಲೇಖನವೊಂದರಲ್ಲಿ ಅಲ್ಲಿಯ ವಿಜ್ಞಾನಿಗಳ ಬ್ರಾಹ್ಮಣ್ಯವನ್ನೇ ಅಧ್ಯಯನದ ವಸ್ತು ಮಾಡಿದರು. ವಿಜ್ಞಾನ ತಮಗೆ ಸಹಜವಾಗಿ ಒಲಿದ ವೃತ್ತಿ, ಅದಕ್ಕೂ ಜಾತಿಗೂ ಸಂಬಂಧವಿಲ್ಲ ಎಂದು ನಂಬಿದವರ ಮಾತಿನಲ್ಲೇ ಜಾತಿ ಹೇಗೆ ಕೂತಿದೆ ಎಂಬುದನ್ನು ಅವರು ತೋರಿಸುತ್ತಾರೆ. ಹೀಗಿರುವಾಗ ನೀತಿಯಲ್ಲಿ ವಿಜ್ಞಾನಿಗಳ ಪಾಲು ಹೆಚ್ಚಲಿ ಎಂದರೆ ಅರ್ಥವೇನು? ಯಾರ ಪಾಲು ಹೆಚ್ಚುತ್ತದೆ? ನನ್ನ ತರಗತಿಯಲ್ಲಿ ಸೈನ್ಸ್ ಓದುವ ನಮ್ಮ ಹುಡುಗಿಯರಿದ್ದಾರೆ. ಡಿಗ್ರಿ ಮುಗಿಸಿ ಲ್ಯಾಬ್ ಟೆಕ್ನೀಷಿಯನ್ ಆಗುತ್ತಾರೆ, ಬಿ.ಎಡ್. ಮಾಡುತ್ತಾರೆ. ವರದಿಗೆ ಬೇಕಾದ ನೀರಿನ ಮಾದರಿಯನ್ನು ಬಾಟಲಿಯಲ್ಲಿ ತುಂಬಿಕೊಡುವವರೆಗೆ ಅವರ ದಾರಿ ಸಲೀಸು. ವರದಿಗೆ ಸಹಿ ಹಾಕುವ ಮೇಜಿನವರೆಗೆ ದಾರಿಯಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಈಗ ಕಣ್ಣೆದುರಿಗಿರುವ ಒಂದು ವಿಷಯಕ್ಕೆ ಬರುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಕಬ್ಬಿಣದ ಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಅದು ಎದೆಗಾರಿಕೆಯ ಕೆಲಸ, ಮೆಚ್ಚಬೇಕು. ನೀರಿನ ಮೇಲೆ ತೂಗಿಕೊಂಡು ಹಲಗೆ ಕೂಡಿಸಿದ ಕೂಲಿಯವರ ಫೋಟೋ ಪೇಪರಿನಲ್ಲಿ ಬಂತು, ಹೆಸರು ಬರಲಿಲ್ಲ. ಆಮೇಲೆ ತಜ್ಞರ ಸಮಿತಿ ಬಂತು, ಗೇಟುಗಳನ್ನು ಬದಲಿಸಬೇಕೆಂದು ಹೇಳಿತು. 2025ರಲ್ಲಿ ನೀರು ನಿಲ್ಲಿಸುವ ಮಿತಿಯನ್ನು ಸುಮಾರು 80 ಟಿಎಂಸಿಗೆ ಇಳಿಸಿದರು. ಗೇಟಿನ ವಿಜ್ಞಾನ ಸರಿಯಾಗಿಯೇ ಇರಬಹುದು. ಆದರೆ ನೀರು ಕಡಿಮೆಯಾದರೆ ನಾಟಿ ಕಡಿಮೆ, ನಾಟಿ ಕಡಿಮೆಯಾದರೆ ನಮ್ಮ ಹೆಂಗಸರ ಕೂಲಿ ಇಲ್ಲ. ರೈತರ ಬೆಳೆನಷ್ಟದ ಮಾತು ಸಭೆಗಳಲ್ಲಿ ಬರುತ್ತದೆ, ರೈತರಿಗೆ ಸಂಘ ಇದೆ. ನಾಟಿಯ ಕೂಲಿ ನಷ್ಟವೂ ಒಂದು ಅಂಕಿ, ಅದನ್ನೂ ಎಣಿಸಬಹುದು, ಎಣಿಸುವುದಕ್ಕೆ ದೊಡ್ಡ ಉಪಕರಣ ಬೇಕಾಗಿಲ್ಲ.

ಹೂಳಿನದೂ ಅಷ್ಟೇ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಈಗ ಸುಮಾರು 105.8. ಇಪ್ಪತ್ತೇಳು ಟಿಎಂಸಿಯಷ್ಟು ಜಾಗವನ್ನು ಹೂಳು ನುಂಗಿದೆ. ಅದನ್ನು ತೆಗೆಯಬೇಕೋ, ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟಬೇಕೋ ಎಂದು ವರ್ಷಗಟ್ಟಲೆ ಚರ್ಚೆ ನಡೆದಿದೆ. ಕಟ್ಟಿದರೆ ಅಲ್ಲೂ ನೆಲ ಹೋಗುತ್ತದೆ, ಅಲ್ಲೂ ನೆಲವಿಲ್ಲದವರು ಇರುತ್ತಾರೆ. ಹಿನ್ನೀರಿನ ಅಂಚಿನಲ್ಲಿ ಬೇಸಿಗೆಗೆ ನೀರು ಸರಿದ ಮೇಲೆ ಪಟ್ಟಾ ಇಲ್ಲದವರು ಆ ಹೂಳಿನ ಮೇಲೆಯೇ ಒಂದಿಷ್ಟು ಬಿತ್ತಿಕೊಳ್ಳುತ್ತಾರೆ. ಹೋದ ವರ್ಷ ಹೂಳಿನ ವಿಚಾರ ಮಾತಾಡುವಾಗ ನಮ್ಮ ಕೇರಿಯ ಅಜ್ಜ ಒಬ್ಬರು ಅಂದರು: "ತಮ್ಮಾ, ಡ್ಯಾಮಿನಾಗ ನೀರು ಎಷ್ಟೈತಿ ಅಂತ ದಿನಾ ಪೇಪರಿನಾಗ ಹಾಕ್ತಾರ. ಹೂಳು ಯಾವ ಹೊಲದ್ದು, ಯಾವ ಊರಿಂದ ಬಂತು, ಮುಂದ ಯಾರ ಹೊಲಕ್ಕ ಹೋಕ್ಕೈತಿ ಅಂತ ಯಾರರ ಹಾಕ್ಯಾರೇನು? ನಾವು ಬಿತ್ತೋ ಜಾಗದಾಗ ಹೊಸ ಮಣ್ಣು ಎಲ್ಲೆಲ್ಲಿ ಎಷ್ಟೆಷ್ಟು ಕುಂತೈತಿ ಅಂತ ನನ್ನ ಕೇಳಿದ್ರ ನಾ ಹೇಳ್ತೀನಿ. ಕೇಳಾಕ ಯಾರೂ ಬಂದಿಲ್ಲ."

ಈ ಅಜ್ಜ ಹೇಳುವುದು ಸರಿಯೋ ತಪ್ಪೋ ಎಂದು ನಾನು ಹೇಳಲಾರೆ, ಅದನ್ನು ಅಳೆದು ನೋಡಬೇಕಾದವರು ವಿಜ್ಞಾನಿಗಳು. ಬಿದಿರಿನ ಮುಳ್ಳನ್ನು ಅಳೆದಂತೆ ಇದನ್ನೂ ಅಳೆಯಲಿ. ಹೂಳಿನ ಮುಂದಿನ ಸಮೀಕ್ಷೆಗೆ ಬರುವವರು ದೋಣಿ, ಯಂತ್ರ ತರುತ್ತಾರೆ, ಹೊಸಪೇಟೆಯಲ್ಲಿ ಉಳಿದುಕೊಳ್ಳುತ್ತಾರೆ. ಹೊಸಪೇಟೆಯಿಂದ ಇಲ್ಲಿಗೆ ಬಸ್ಸಿದೆ. ನಿಲ್ದಾಣದಲ್ಲಿ ಇಳಿದು ಯಾರನ್ನು ಕೇಳಿದರೂ ಕೇರಿಯ ದಾರಿ ತೋರಿಸುತ್ತಾರೆ.